ಕೋರಮಂಡಲದ ಬೇಲಿಬಳ್ಳಿಗಳೂ ಕಾವ್ಯದ ಲತೆಯೂ

ಕೋಲಾರದ ಚಿನ್ನದ ಗಣಿಗಳ ಸೀಮೆಯಲ್ಲಿ ಕೋರಮಂಡಲವೆಂಬ ವಸತಿಯುಂಟು. ಕಡಲತೀರದ ಹೆಸರು ಬಯಲುಸೀಮೆಯ ಈ ಕಲ್ಲುನೆಲಕ್ಕೆ ಗಣಿಯೊಂದರ ಮೂಲಕ ಬಂದಿತು. 1880ರಲ್ಲಿ ಜಾನ್ ಟೇಲರ್ ಸಂಸ್ಥೆಯವರು ಇಲ್ಲಿ ಕಾಲಿಟ್ಟ ಮೇಲೆ ಅಧಿಕಾರಿಗಳಿಗೆ ಕೈದೋಟಗಳುಳ್ಳ ಬಂಗಲೆಗಳೂ ಕೂಲಿಕಾರರಿಗೆ ಬಿದಿರುತಟ್ಟಿಯ ಸಾಲುಮನೆಗಳೂ ಎದ್ದುವು. ಬಂಗಲೆಯ ಬೇಲಿಗೆ ಬಳ್ಳಿಯು ಅಲಂಕಾರ. ಬಡವನ ಬೇಲಿಗೆ ತೊಂಡೆ, ಹಾಗಲಗಳು ಅಡಿಗೆಯ ಆಸರೆ. ಕೆಲಸಕ್ಕೆ ಬಂದವರಲ್ಲಿ ತಮಿಳರೇ ಹೆಚ್ಚು. ಅವರ ವೇಲಿ, ವಳ್ಳಿಗಳು ಕನ್ನಡದ ಬೇಲಿ, ಬಳ್ಳಿಗಳೇ, ವಕಾರಬಕಾರಗಳ ಭೇದವಷ್ಟೆ. ತೆಲುಗಿನ ಕಂಚೆ, ತೀಗೆಗಳು ಬೇರೆ.

ಲತೆಯೆಂದೊಡನೆ ಎಲ್ಲವೂ ಒಂದೇ ಬಗೆಯೆಂದು ಭಾವಿಸಿ ಪಾಠ ಹೇಳುವ ಪದ್ಧತಿಯು ಸಾಧುವಲ್ಲ. ಬಳ್ಳಿಗಳು ಏರುವ ಕ್ರಮಗಳನ್ನು ಡಾರ್ವಿನ್ನನು 1865ರಲ್ಲಿಯೇ ವಿಂಗಡಿಸಿದ್ದಾನೆ. ತೊಂಡೆಯು ಸುರುಳಿಗೊಳ್ಳುವ ಎಳೆಗಳಿಂದ ಹಿಡಿಯುತ್ತದೆ. ಅಮೃತಬಳ್ಳಿಯು ತನ್ನ ಕಾಂಡದಿಂದಲೇ ಸುತ್ತುತ್ತದೆ. ಕಾಗದದ ಹೂವಿನ ಬಳ್ಳಿಯಾದರೋ ಅಪ್ಪುವುದೇ ಇಲ್ಲ. ಮುಳ್ಳನ್ನು ಊರಿ ಒರಗುತ್ತದೆ, ಆದುದರಿಂದ ತೋಟಗಾರನು ಅದನ್ನು ಕಟ್ಟಬೇಕು. ಕಾಮರ್ಸನ್ನನು 1767ರಲ್ಲಿ ಬ್ರೆಜಿಲಿನಲ್ಲಿ ಸಂಗ್ರಹಿಸಿದ ಈ ಗಿಡಕ್ಕೆ ಹಳಗನ್ನಡದಲ್ಲಿ ಹೆಸರನ್ನು ಹುಡುಕುವುದು ವ್ಯರ್ಥಶ್ರಮ.

ಮಾಧವಿಯ ವಿಚಾರವು ಹೆಚ್ಚು ಸೂಕ್ಷ್ಮವಾದುದು. ಅತಿಮುಕ್ತ, ಪುಂಡ್ರಕ, ವಾಸಂತೀ ಎಂಬಿವು ಅದರ ಪರ್ಯಾಯಗಳೆಂದು ಅಮರನು ಹೇಳುತ್ತಾನೆ. ಇದು ಎಳೆಯದಾಗಿರುವಾಗ ಕೋಮಲ. ಬಲಿತರೆ ಹೆಮ್ಮರದ ನೆತ್ತಿಯನ್ನೂ ಮುಚ್ಚಿ ಬಿಸಿಲನ್ನು ತಡೆಯುವ ದಾರುಲತೆ. ಮಾರಿಷಸ್, ರಿಯೂನಿಯನ್ ದ್ವೀಪಗಳಲ್ಲಿ ಕಾಡಿಗೆ ಹಾವಳಿಯೆಂದೇ ಎಣಿಸಲ್ಪಟ್ಟಿದೆ. ಕಾಳಿದಾಸನು ಇದನ್ನು ಬಲ್ಲವನಂತೆ ತೋರುತ್ತಾನೆ. ಮೇಘದೂತದ ಯಕ್ಷನ ತೋಟದಲ್ಲಿ ಮಾಧವಿಗೆ ಮರವನ್ನು ಕೊಡದೆ ಮಂಟಪವನ್ನು ಕೊಟ್ಟು, ಅದಕ್ಕೆ ಕುರವಕದ ಬೇಲಿಯನ್ನು ಕಟ್ಟಿದ್ದಾನೆ. ಶಾಕುಂತಲದ ಮೊದಲನೆಯ ಅಂಕದಲ್ಲಿ ಮಾವನ್ನು ವರಿಸಿದ ವನಜ್ಯೋತ್ಸ್ನೆಯು ನವಮಾಲಿಕೆ, ಹಗುರವಾದ ಬಳ್ಳಿ.

ಮೂರನೆಯ ಅಂಕದಲ್ಲಿ ಅತಿಮುಕ್ತವೇ ಮಾವಿಗೆ ಸೇರಿದೆಯಲ್ಲಾ ಎಂಬ ಆಕ್ಷೇಪವು ಏಳಬಹುದು. ಅಲ್ಲಿ ಸಖಿಯ ಪ್ರಾಕೃತವಾಕ್ಯದ ಕ್ರಿಯಾಪದವನ್ನು ನೋಡಬೇಕು. ಅದು 'ಸಹ್' ಧಾತುವಿನದು. ಧರಿಸುವುದೆಂಬಷ್ಟೇ ಅರ್ಥವನ್ನು ಹೇಳಿ ಮುಂದೆ ಹೋಗುವ ಉಪಾಧ್ಯಾಯರು ಸೈರಿಸುವುದೆಂಬ ಅರ್ಥವನ್ನು ಬಿಟ್ಟುಬಿಡುತ್ತಾರೆ. ಚಿಗುರಿದ ಬಳ್ಳಿಯ ಭಾರವನ್ನು ತಾಳಬಲ್ಲ ಮರವೆಂದು ಮಾವನ್ನು ಆರಿಸಿದ ಆ ಮಾತಿನಲ್ಲಿ ದುಷ್ಯಂತನ ಯೋಗ್ಯತೆಯಂತೆ ಅವನ ಹೊಣೆಯೂ ಸೂಚಿತವಾಗಿದೆ. ಐದನೆಯ ಅಂಕದಲ್ಲಿ ಆ ಹೊಣೆಯನ್ನೇ ಅವನು ಹೊರಲಾರದೆ ಹೋಗುತ್ತಾನೆ.

ಗಣಿಗಳು 2001ರಲ್ಲಿ ಮುಚ್ಚಿದುವು. ಕತ್ತರಿಸುವ ಕೈಯಿಲ್ಲದ ಬೇಲಿಬಳ್ಳಿಯು ಪಕ್ಕದ ಮರಕ್ಕೆ ಏರುವುದು ಸಹಜವೇ. ಅಂತಹ ಮರವೊಂದನ್ನು ವಿದ್ಯಾರ್ಥಿಗಳಿಗೆ ತೋರಿಸಿದರೆ 'ಸಹ್' ಧಾತುವಿನ ಅರ್ಥಕ್ಕೆ ಬೇರೆ ಟೀಕೆ ಬೇಕಾಗದು.