ಅನಿಲದ ಉಷ್ಣ ವಿನಿಮಯದ ಲೆಕ್ಕ: ಚರಿತ್ರೆ

ಅನಿಲ ಹಿಗ್ಗುವಾಗ ಇಲ್ಲವೇ ಕುಗ್ಗುವಾಗ ಹೊರಗಿನಿಂದ ಎಷ್ಟು ಉಷ್ಣ ಪಡೆಯಿತು, ಎಷ್ಟು ಬಿಟ್ಟುಕೊಟ್ಟಿತು ಎಂದು ಕಂಡುಹಿಡಿಯುವ ಲೆಕ್ಕ. ಬಿಸಿಯಾಗುವುದೇ ಬೇರೆ, ಉಷ್ಣ ಪಡೆಯುವುದೇ ಬೇರೆ ಎಂದು ವಿಜ್ಞಾನಿಗಳು ಮನಗಂಡದ್ದೇ ಇದರ ಚರಿತ್ರೆ. ರಾಮದುರ್ಗದ ಸೈಕಲ್ ಅಂಗಡಿಯಲ್ಲಿ ಗಾಳಿ ಹೊಡೆದ ಪಂಪಿನ ಬುಡ ಮುಟ್ಟಿದರೆ ಸುಡುತ್ತದೆ. ಯಾರೂ ಬೆಂಕಿ ಹಚ್ಚಿರುವುದಿಲ್ಲ, ಒತ್ತಿದ ತೋಳಿನ ಕೆಲಸವೇ ಗಾಳಿಯನ್ನು ಕಾಯಿಸಿರುತ್ತದೆ.

ಶಬ್ದದ ಅಲೆಯಲ್ಲಿ ಗಾಳಿಯ ಉಷ್ಣತೆ ಬದಲಾಗದೆಂದು ಹಿಡಿದ ನ್ಯೂಟನ್‌ಗೆ ಶಬ್ದದ ವೇಗ ಶೇ. 15ರಷ್ಟು ಕಡಿಮೆ ಸಿಕ್ಕಿತ್ತು. ಅಲೆ ಗಾಳಿಯನ್ನು ಒತ್ತಿದಾಗ ಹುಟ್ಟುವ ಬಿಸಿ ಅಷ್ಟು ಬೇಗ ಹೊರಹೋಗಲಾರದೆಂದು 1816ರಲ್ಲಿ ಲಾಪ್ಲಾಸ್ ತಿದ್ದಿದ. ಉಷ್ಣವೊಂದು ದ್ರವವೆಂದೇ ನಂಬಿದ್ದವನು ಈತ. ತಪ್ಪು ನಂಬಿಕೆ, ಸರಿಯಾದ ಉತ್ತರ! 1 ಕಿಲೋಗ್ರಾಂ ಗಾಳಿಯನ್ನು 10 ಡಿಗ್ರಿ ಕಾಯಿಸಲು ಮುಚ್ಚಿದ ಪಾತ್ರೆಯಲ್ಲಿ ಸುಮಾರು 7.2 ಕಿಲೋಜೂಲ್ ಸಾಕು, ಒತ್ತಡ ಬದಲಾಗದಂತೆ ಹಿಗ್ಗಲು ಬಿಟ್ಟರೆ 10 ಬೇಕು. ಹೆಚ್ಚುವರಿ ಉಷ್ಣ ಹಿಗ್ಗುವ ಕೆಲಸಕ್ಕೆ ವೆಚ್ಚವಾಗುತ್ತದೆಂದು ಮೇಯರ್ 1842ರಲ್ಲಿ ತೋರಿಸಿದ. ಪಡೆದ ಉಷ್ಣವೆಂದರೆ ಆಂತರಿಕ ಶಕ್ತಿಯ ಏರಿಕೆ ಮತ್ತು ಅನಿಲ ಮಾಡಿದ ಕೆಲಸ, ಇವೆರಡರ ಮೊತ್ತ ಎಂಬ ನಿಯಮಕ್ಕೆ 1850ರಲ್ಲಿ ಕ್ಲಾಸಿಯಸ್ ರೂಪಕೊಟ್ಟ. ಆದರ್ಶ ಅನಿಲದ ಆಂತರಿಕ ಶಕ್ತಿ ಉಷ್ಣತೆಯೊಂದನ್ನೇ ಅವಲಂಬಿಸಿರುವುದರಿಂದ ಲೆಕ್ಕ ಸುಲಭ. ಆದರೆ ಕೆಲಸ ಮಾತ್ರ ಅನಿಲ ಹಿಡಿದ ದಾರಿಯಂತೆ ಬದಲಾಗುತ್ತದೆ, ಅದರೊಡನೆ ಉಷ್ಣವೂ.

ಕರ್ನಾಟಕದಲ್ಲಿ ಈ ಲೆಕ್ಕ ಬೆವರಿಳಿಸಿದ್ದು ಕೋಲಾರದ ಚಿನ್ನದ ಗಣಿಗಳಲ್ಲಿ. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಆಳ. ತಳದ ಬಂಡೆಯ ಉಷ್ಣತೆ 60 ಡಿಗ್ರಿ ಮೀರಿತ್ತು. ಮೇಲಿನಿಂದ ಬಿಟ್ಟ ಗಾಳಿ ಬಂಡೆಯನ್ನು ಸೋಕದಿದ್ದರೂ ಕಾಯುತ್ತದೆ: 1,000 ಮೀಟರ್ ಇಳಿದರೆ ಪ್ರತಿ ಕಿಲೋಗ್ರಾಂ ಗಾಳಿ ಕಳೆದುಕೊಳ್ಳುವ ವಿಭವಶಕ್ತಿ 9.8 ಕಿಲೋಜೂಲ್, ಅದರಿಂದ ಒಣಗಾಳಿಯ ಉಷ್ಣತೆ ಹೆಚ್ಚುಕಡಿಮೆ 10 ಡಿಗ್ರಿ ಏರುತ್ತದೆ. ಉಷ್ಣ ವಿನಿಮಯ ಸೊನ್ನೆ! ಗಾಳಿ ಇಳಿಯುವ ಗಣಿಬಾವಿಯ ಗೋಡೆ ಒದ್ದೆಯಿದ್ದರೆ ನೀರು ಆವಿಯಾಗಿ ಏರಿಕೆ ಕಡಿಮೆಯಾಗುತ್ತದೆ, ಸೆಕೆ ಹೆಚ್ಚುತ್ತದೆ. ಅದೇ ಗಾಳಿ ಹಿಂದಿರುಗಿ ಮೇಲೇರುವಾಗ ಹಿಗ್ಗಿ ತಣಿಯುತ್ತದೆ. ಮೇಲೆ ಬಂದ ಮೇಲೂ ಉಳಿದ ಬಿಸಿ, ಹೊತ್ತು ತಂದ ನೀರಾವಿ, ಇವಿಷ್ಟೇ ಬಂಡೆ, ಯಂತ್ರ, ಆಳುಗಳಿಂದ ಅದು ನಿಜಕ್ಕೂ ಪಡೆದ ಉಷ್ಣದ ಲೆಕ್ಕ.