ಗಿಟಾರಿಗೆ ಎಷ್ಟು ವ್ಯಾಟ್ ಬೇಕು?

1884ರಲ್ಲಿ ಗುಬ್ಬಿ ನಾಟಕ ಕಂಪನಿ ಹುಟ್ಟಿದಾಗ ರಂಗಕ್ಕೆ ಮೈಕ್ ಬಂದಿರಲಿಲ್ಲ. ಕೊನೆಯ ಸಾಲಿನವರಿಗೂ ಕೇಳುವಂತೆ ನಟ ಎದೆ ತುಂಬಿ ಹಾಡಬೇಕಿತ್ತು. ಗಿಟಾರಿಗೆ ಅಂಥ ಕಂಠವಿಲ್ಲ; ವಾದ್ಯವೃಂದದ ನಡುವೆ ಅದರ ದನಿ ಮುಳುಗಿಹೋಗುತ್ತಿತ್ತು. ಈ ಕೊರತೆ ನೀಗಲೆಂದೇ 1932ರಲ್ಲಿ ಅಮೆರಿಕದಲ್ಲಿ ವಿದ್ಯುತ್ ಗಿಟಾರ್ ಮಾರಾಟಕ್ಕೆ ಬಂತು. 1948ರಲ್ಲಿ ಫೆಂಡರ್ ಕಂಪನಿ, ಕಲಿಯುವವರಿಗಾಗಿ ಎಂಟು ಅಂಗುಲದ ಸ್ಪೀಕರಿನ ಪುಟ್ಟ ‘ಚಾಂಪಿಯನ್’ ಆಂಪ್ಲಿಫೈಯರ್ ತಂದಿತು. ಅದರ ಶಕ್ತಿ ಐದು ವ್ಯಾಟಿನ ಆಸುಪಾಸು, ಅಷ್ಟೆ.

ಇಂದು ಕೋರದ ಹುಡುಗನೊಬ್ಬ ತುಮಕೂರಿನ ಅಂಗಡಿಗೆ ಹೋದರೆ ಮೊದಲು ಕೇಳುವುದೇ ‘ಎಷ್ಟು ವ್ಯಾಟ್?’ ಎಂದು. ಹಣ ಪೋಲಾಗುವುದು ಅಲ್ಲೇ. ಹತ್ತು ವ್ಯಾಟ್ ಇಪ್ಪತ್ತಾದರೆ ಹೆಚ್ಚುವುದು ಮೂರು ಡೆಸಿಬೆಲ್ ಮಾತ್ರ. ಕಿವಿಗೆ ಸದ್ದು ಇಮ್ಮಡಿ ಎನಿಸಬೇಕಾದರೆ ಸುಮಾರು ಹತ್ತು ಪಟ್ಟು ಶಕ್ತಿ ಬೇಕು! ಮನೆಯ ಅಭ್ಯಾಸಕ್ಕೆ ಐದು ವ್ಯಾಟ್ ಧಾರಾಳ. ನೆರೆಮನೆಯವರು ಗೋಡೆ ತಟ್ಟಲು ಅಷ್ಟು ಸಾಕು.

ಆರ್ಕೆಸ್ಟ್ರಾದಲ್ಲಿ ಡ್ರಮ್ಸ್ ಪಕ್ಕ ಅದು ಕೇಳಿಸದು, ನಿಜ. ಆದರೆ ಜಾತ್ರೆಯ ಪೆಂಡಾಲಿನಲ್ಲಿ ಹೇಗೂ ಮೈಕ್‌ಸೆಟ್ ಇರುತ್ತದಲ್ಲ. ಪುಟ್ಟ ಪೆಟ್ಟಿಗೆಯ ಮುಂದೆ ಒಂದು ಮೈಕ್ ಇಟ್ಟರೆ ಊರಿಗೆಲ್ಲ ಕೇಳಿಸುತ್ತದೆ. ಉಳಿದ ಹಣದಲ್ಲಿ ಒಳ್ಳೆಯ ತಂತಿ ಕೊಳ್ಳಬಹುದು.