ಮುದ್ದೆ, ಮಮಾಲಿಗ ಮತ್ತು ನಮ್ಮ ಮನೆಯಡುಗೆ

ಯೂನಿಯನ್ ಸಿಟಿಗೆ ನಾವು ಬಂದ ಹೊಸತು. ಪಕ್ಕದ ಮನೆಯಲ್ಲಿ ಮಗಳ ಸಂಸಾರದೊಡನೆ ರೊಮೇನಿಯ ದೇಶದ ಅಜ್ಜಿಯೊಬ್ಬರಿದ್ದರು. ಒಂದು ಭಾನುವಾರ ನಮ್ಮನ್ನು ಊಟಕ್ಕೆ ಕರೆದರು. ನಾವು ಸಸ್ಯಾಹಾರಿಗಳೆಂದು ಕೇಳಿ ಮೊದಲು ಸ್ವಲ್ಪ ಪೇಚಾಡಿದರು. ಆಮೇಲೆ ಕುದಿಯುವ ಎಸರಿಗೆ ಹಳದಿ ಹಿಟ್ಟು ಸುರಿದು, ಮರದ ಕೋಲು ಹಿಡಿದು ಗಂಟಾಗದಂತೆ ತಿರುವತೊಡಗಿದರು. ಗಟ್ಟಿಯಾದದ್ದನ್ನು ಹಲಗೆಯ ಮೇಲೆ ಬೋರಲು ಹಾಕಿ, ದಾರದಿಂದ ಕತ್ತರಿಸಿ, ಮೊಸರಿನಂಥ ಕೆನೆಯೊಡನೆ ಬಡಿಸಿದರು. ಮಮಾಲಿಗ ಎಂದರು. ನಾವು ಮುಖ ಮುಖ ನೋಡಿಕೊಂಡೆವು. ಇದು ನಮ್ಮ ಮುದ್ದೆಯಲ್ಲವೇ!

ಜೊತೆಗಿದ್ದದ್ದು ಚೋರ್ಬ, ಹುರುಳಿಕಾಯಿ ಬೀಜದ ಹುಳಿ ಸಾರು. ಅದಕ್ಕೆ ಹುಣಸೆಯಿಲ್ಲ, ತೌಡನ್ನು ನೀರಿನಲ್ಲಿ ಹಾಕಿ ಹುಳಿ ಬರಿಸಿದ ತಿಳಿಯನ್ನು ಬೆರೆಸುತ್ತಾರೆ. ಚೋರ್ಬ ಎಂಬ ಹೆಸರು ತುರ್ಕರಿಂದ ಬಂದದ್ದು, ನಮ್ಮ ಉತ್ತರ ಭಾರತದವರ ಶೋರ್ಬಾದ ನೆಂಟ. ಮಮಾಲಿಗದ ಮುಸುಕಿನ ಜೋಳವಂತೂ ಅಮೆರಿಕದಿಂದ ಹೋದದ್ದು. ರೊಮೇನಿಯದ ಹೊಲಗಳಿಗೆ ಅದು ಹೊಕ್ಕದ್ದು 17ನೆಯ ಶತಮಾನದಲ್ಲಿ. ಅದಕ್ಕೆ ಮೊದಲು ಅಲ್ಲಿಯ ರೈತರು ಹೀಗೆಯೇ ತಿರುವಿ ಉಣ್ಣುತ್ತಿದ್ದದ್ದು ಬರಗಿನ ಹಿಟ್ಟನ್ನು. ಧಾನ್ಯ ಬದಲಾಯಿತು, ತಿರುವುವ ಕೈ ಬದಲಾಗಲಿಲ್ಲ. ಆ ಅಜ್ಜಿ 'ಇದು ನಮ್ಮ ಅಜ್ಜಿಯ ಅಡುಗೆ' ಎಂದು ಎದೆ ತಟ್ಟಿ ಹೇಳಿದಾಗ ಅವರ ಮಾತು ಸುಳ್ಳಾಗಿರಲಿಲ್ಲ.

ಹಾಗಾದರೆ ನಮ್ಮ ಕಥೆಯೇನು? ರಾಗಿಯನ್ನು ನಾವು ನಮ್ಮದೇ ಎಂದು ಹೇಳಿಕೊಳ್ಳುತ್ತೇವೆ. ಕನಕದಾಸರು 'ರಾಮಧಾನ್ಯ ಚರಿತೆ'ಯಲ್ಲಿ ಅದಕ್ಕೂ ಭತ್ತಕ್ಕೂ ಜಗಳ ಹಚ್ಚಿ, ಶ್ರೀರಾಮನ ಸಭೆಯಲ್ಲಿ ರಾಗಿಯನ್ನೇ ಗೆಲ್ಲಿಸಿದರು. ಆದರೆ ರಾಗಿಯ ತವರು ಪೂರ್ವ ಆಫ್ರಿಕದ ಎತ್ತರದ ನಾಡು. ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದ ನಮ್ಮಲ್ಲಿಗೆ ಬಂತು. ಕಳೆದ ಶತಮಾನದಲ್ಲಿ ಮಂಡ್ಯದ ವಿ.ಸಿ. ಫಾರಂನಲ್ಲಿ ಡಾ. ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಕೂಡಿಸಿ ಹೆಚ್ಚು ಇಳುವರಿಯ ತಳಿಗಳನ್ನು ತೆಗೆದರು. ಆ ತಳಿಗಳ ಹೆಸರು 'ಇಂಡಾಫ್': ಇಂಡಿಯಾದ ಇಂಡ್, ಆಫ್ರಿಕದ ಆಫ್. ಹಳೇ ಮೈಸೂರಿನ ಎಷ್ಟೋ ಮನೆಗಳ ಹೊಟ್ಟೆ ತುಂಬಿಸಿದ್ದು ಈ ಬೀಗತನ.

ಮೆಣಸಿನಕಾಯಿಯ ವಿಷಯ ಇನ್ನೂ ಸ್ವಾರಸ್ಯ. ಚಾವುಂಡರಾಯನ 'ಲೋಕೋಪಕಾರ'ದಲ್ಲಿ (ಸುಮಾರು 1025) ಅಡುಗೆಗೇ ಒಂದು ಅಧ್ಯಾಯವಿದೆ. 16ನೆಯ ಶತಮಾನದ ಆರಂಭದ ಮೂರನೆಯ ಮಂಗರಸ 'ಸೂಪಶಾಸ್ತ್ರ'ವೆಂದು ಪಾಕಗಳನ್ನೇ ಷಟ್ಪದಿಯಲ್ಲಿ ಹಾಡಿದ. ಈ ಎರಡರಲ್ಲೂ ಮೆಣಸಿನಕಾಯಿಯಿಲ್ಲ, ಟೊಮೇಟೊ ಇಲ್ಲ, ಆಲೂಗಡ್ಡೆಯೂ ಇಲ್ಲ. ಇವೆಲ್ಲ ಅಮೆರಿಕದ ಬೆಳೆಗಳು. ಮೆಣಸಿನಕಾಯಿ ಪೋರ್ಚುಗೀಸರ ಹಡಗಿನಲ್ಲಿ ಗೋವೆಗೆ ಇಳಿದು ನಮ್ಮಲ್ಲಿಗೆ ಬಂತು. ಅಲ್ಲಿಯವರೆಗೆ ಖಾರವೆಂದರೆ ಕರಿಮೆಣಸು, ಶುಂಠಿ, ಹಿಪ್ಪಲಿ. ಹೊಸ ಕಾಯಿಗೆ ನಮ್ಮವರು ಹೊಸ ಹೆಸರು ಹುಡುಕಲಿಲ್ಲ. ಮೆಣಸಿನಂತೆ ಖಾರವಿದೆ, ಮೆಣಸಿನಕಾಯಿ ಎಂದರು. ಜೋಳದಂತೆ ಕಂಡದ್ದನ್ನು ಮುಸುಕಿನ ಜೋಳ ಎಂದರು. ಮನೆಯಡುಗೆಯ ಚರಿತ್ರೆಯನ್ನು ಪದಗಳೇ ಹೊತ್ತುಕೊಂಡು ಬಂದಿವೆ! ಇಂದು ಬ್ಯಾಡಗಿ ಮೆಣಸಿನಕಾಯಿಯಿಲ್ಲದ ಸಾರಿನ ಪುಡಿಯನ್ನು ಯಾರು ತಾನೆ ಒಪ್ಪಿಯಾರು?

ಇನ್ನು ನಮ್ಮ ಈ ಊರು. ಆಲ್ವರಾಡೊ, ಡಿಕೋಟೊ ಎಂಬ ಎರಡು ಹಳೆಯ ಊರುಗಳು ಸೇರಿ 1959ರಲ್ಲಿ ಯೂನಿಯನ್ ಸಿಟಿಯಾಯಿತು. 1870ರಲ್ಲಿ ಆಲ್ವರಾಡೊದಲ್ಲಿ ಬೀಟ್ ಗಡ್ಡೆಯಿಂದ ಸಕ್ಕರೆ ಮಾಡುವ ಕಾರ್ಖಾನೆ ನಿಂತಿತ್ತು. ಈ ದೇಶದಲ್ಲಿ ಅಂಥ ಕಾರ್ಖಾನೆ ಯಶಸ್ಸು ಕಂಡದ್ದು ಮೊದಲು ಅಲ್ಲೇ. ಡಿಕೋಟೊದಲ್ಲಿ ಮೆಕ್ಸಿಕೋ ಮೂಲದ ಸಂಸಾರಗಳು ತಲೆಮಾರುಗಳಿಂದ ಇವೆ. 1965ರ ವಲಸೆ ಕಾಯಿದೆ ಬಾಗಿಲು ತೆರೆದ ಮೇಲೆ ಕೊಲ್ಲಿಯ ಸುತ್ತ ಬಂದಿಳಿದ ನಮ್ಮ ಹಿರಿಯರಿಗೆ ಆಸರೆಯಾದದ್ದು ಇಂಥ ಮೆಕ್ಸಿಕನ್ ಅಂಗಡಿಗಳೇ. ಅಲ್ಲಿ ಹುಣಸೆಹಣ್ಣು ಸಿಗುತ್ತಿತ್ತು, ಕೊತ್ತಂಬರಿ ಸೊಪ್ಪು ಸಿಗುತ್ತಿತ್ತು, ಒಣಮೆಣಸಿನಕಾಯಿಯಂತೂ ರಾಶಿ. ಬ್ಯಾಡಗಿಯ ತವರುಮನೆಗೇ ಹೋಗಿ ಬ್ಯಾಡಗಿ ಸಿಗಲಿಲ್ಲವೆಂದು ಕೊರಗಿದವರು ನಾವು!

ಸಿಗದ್ದಕ್ಕೆ ಬದಲಿ ಹುಡುಕಿದರು. ಕ್ರೀಮ್ ಆಫ್ ವೀಟ್ ಉಪ್ಪಿಟ್ಟಾಯಿತು, ರೈಸ್ ಕ್ರಿಸ್ಪೀಸ್ ಒಗ್ಗರಣೆ ಹಾಕಿಸಿಕೊಂಡು ಚುರುಮುರಿಯಾಯಿತು, ಬಿಸ್ಕ್ವಿಕ್ ಜಾಮೂನಾಯಿತು. ನಗಬೇಡಿ. ಎರಡನೆಯ ಮಹಾಯುದ್ಧದಲ್ಲಿ ಅಕ್ಕಿಗೆ ತತ್ವಾರ ಬಂದಾಗ ರವೆಯಿಂದ ಇಡ್ಲಿ ಮಾಡಿದ್ದು ಬೆಂಗಳೂರಿನ ಎಂ.ಟಿ.ಆರ್.; ಅಂದಿನ ಬದಲಿ ಇಂದು ನಮ್ಮ ಸಾಂಪ್ರದಾಯಿಕ ತಿಂಡಿ. 1924ರಲ್ಲಿ ಹುಟ್ಟಿದ ಅದೇ ಹೋಟೆಲು ತುರ್ತು ಪರಿಸ್ಥಿತಿಯ ಕಾಲದಲ್ಲಿ ಮುಚ್ಚಬೇಕಾಗಿ ಬಂದಾಗ ಪುಡಿಗಳನ್ನು ಪೊಟ್ಟಣ ಕಟ್ಟಿ ಮಾರಲು ಹೊರಟಿತು. ಆ ಪೊಟ್ಟಣಗಳ ವ್ಯಾಪಾರ 2007ರಲ್ಲಿ ನಾರ್ವೆ ದೇಶದ ಕಂಪನಿಯ ಪಾಲಾಯಿತು.

ಆದ್ದರಿಂದ ಸಾಮಾನು ಬದಲಾಯಿತೆಂದು ನಮಗೆ ಚಿಂತೆಯಿಲ್ಲ. ಚಿಂತೆಯಿರುವುದು ಕೈಯ ಬಗ್ಗೆ. ನಮ್ಮ ತಾಯಿಯವರು ಏರೋಗ್ರಾಂನಲ್ಲಿ ಸಾರಿನ ಪುಡಿಯ ಕ್ರಮ ಬರೆದು ಕಳಿಸುತ್ತಿದ್ದರು: ಧನಿಯಾ ಎರಡು ಹಿಡಿ, ಜೀರಿಗೆ ಅಂದಾಜು, ಮೆಂತ್ಯ ಚಿಟಿಕೆ. ಯಾರ ಹಿಡಿ? ಅವರು ಇಲ್ಲಿಗೆ ಬಂದಾಗ ಅವರ ಕೈಯಿಂದ ಒಂದೊಂದು ಹಿಡಿಯನ್ನೂ ಅಳತೆಯ ಬಟ್ಟಲಿಗೆ ಸುರಿಸಿಕೊಂಡೆವು. 'ಇದೇನು, ಔಷಧದ ಅಂಗಡಿಯೇ?' ಎಂದು ರೇಗಿದರು. ಅವರದು ಪುಟ್ಟ ಕೈ. ನಾವು ಅಷ್ಟು ವರ್ಷ ಧನಿಯಾ ಜಾಸ್ತಿ ಹಾಕುತ್ತಿದ್ದೆವು. ಅವರು ತೀರಿಕೊಂಡ ಮೇಲೆ ಆ ಅಳತೆಯ ಚೀಟಿಯೊಂದೇ ಉಳಿದಿದೆ. ಏರೋಗ್ರಾಂನ ಶಾಯಿ ಅರ್ಧ ಮಾಸಿಹೋಗಿದೆ.

ಇಂಥ ಕಾಗದಗಳು ನಿಮ್ಮ ಮನೆಯ ಪೆಟ್ಟಿಗೆಯಲ್ಲೂ ಇದ್ದಾವು. ಮಾಸುವ ಮೊದಲು ಪ್ರತಿ ತೆಗೆದು ಕೂಟಕ್ಕೆ ಕೊಡಿ. ಯಾವ ಊರಿನ ಅಡುಗೆ, ಯಾರಿಂದ ಕಲಿತದ್ದು, ಯಾವ ವರ್ಷ ಎಂದು ಮೇಲೆ ಬರೆಯಿರಿ. ರವೆಯ ಬದಲು ಕ್ರೀಮ್ ಆಫ್ ವೀಟ್ ಹಾಕಿದ್ದರೆ, ಸಂಕೋಚಪಡದೆ ಅದನ್ನೂ ಬರೆಯಿರಿ.